ಗುಣಪಾಲರ ಮಿಸ್ಡ್ ಕಾಲ್

ಮುಂಬಯಿ ಬಳಿಯ ಡೊಂಬಿವಲಿಯ ಗುಣಪಾಲರ ಮನೆಯಲ್ಲಿ ಫೋನ್ ಎತ್ತುವುದೆಂದರೆ ದುಡ್ಡು ದಂಡ. ಠಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ ಅವರು ಸಂಜೆ ಲೋಕಲ್ ರೈಲು ಹತ್ತಿದ ಕೂಡಲೇ ಮನೆಗೊಂದು ಮಿಸ್ಡ್ ಕಾಲ್ ಕೊಡುತ್ತಿದ್ದರು. ಇತ್ತ ಕಡೆಯವರು ಕಟ್ ಮಾಡಬೇಕು. ಕಟ್ ಮಾಡಿದರೆ ‘ಗೊತ್ತಾಯಿತು, ಇದ್ದೇವೆ’ ಎಂದರ್ಥ. ಹೆಂಡತಿ ಪುಷ್ಪಾವತಿ ಕಟ್ ಮಾಡಿ ಕುಕ್ಕರ್ ಇಡುತ್ತಿದ್ದರು. ಜಿಪುಣತನ ಎಂದು ನಗಬೇಡಿ. ಆ ಕಾಲದಲ್ಲಿ ಈ ಊರಿನ ಅರ್ಧಕ್ಕರ್ಧ ಸಂಸಾರಗಳು ಹೀಗೇ ಸಾಗುತ್ತಿದ್ದವು.

ಮಗ ಸುಜನ್ ಬಿ.ಎಸ್ಸಿ. ಮುಗಿಸಿ ನೆಟ್‌ವರ್ಕಿಂಗ್ ಕೋರ್ಸಿಗೆ ಸೇರಿದಾಗ ಗುಣಪಾಲರಿಗೆ ಅದರ ತಲೆಬುಡ ಅರ್ಥವಾಗಲಿಲ್ಲ.

“ಒಂದು ಕಂಪ್ಯೂಟರ್ ಇನ್ನೊಂದಕ್ಕೆ ‘ಇದ್ದೀಯಾ’ ಅಂತ ಕೇಳ್ತದೆ ಪಪ್ಪಾ. ಅದು ‘ಇದ್ದೇನೆ’ ಅಂತದೆ. ಅದಕ್ಕೆ ಪಿಂಗ್ ಅಂತಾರೆ,” ಎಂದು ಮಗ ವಿವರಿಸಿದ.

“ಅಂದ್ರೆ ನಮ್ಮ ಮಿಸ್ಡ್ ಕಾಲ್ ಅಲ್ವಾ ಮಾರಾಯ! ಇದಕ್ಕೆ ನಿಂಗೆ ಡಿಗ್ರಿ ಬೇಕಾಯ್ತಾ?”

ಮಗನನ್ನು ಹೀಗೆ ಗೇಲಿ ಮಾಡಿದವರೇ ಹೋಟೆಲಿಗೆ ಬಂದ ಗಿರಾಕಿಗಳ ಮುಂದೆಲ್ಲ ಅವನ ಗುಣಗಾನ ಮಾಡಿದ್ದೇ ಮಾಡಿದ್ದು. ಮುಖ ಊರಗಲ ಆಗುತ್ತಿತ್ತು.

೨೦೦೮ರ ಮಳೆಗಾಲ ಮುಗಿಯುವ ಹೊತ್ತಿಗೆ ಸುಜನ್‌ಗೆ ನವಿ ಮುಂಬಯಿಯ ಮಹಾಪೆಯಲ್ಲಿ ಟ್ರೈನಿಯಾಗಿ ಕೆಲಸ ಸಿಕ್ಕಿತು. ಅಂದಿನಿಂದ ಅಪ್ಪನ ಸಂಜೆಯ ಮಿಸ್ಡ್ ಕಾಲ್ ಅವನ ಫೋನಿಗೂ ಒಂದು ಬರತೊಡಗಿತು. ಅವನು ಖಾಯಂ ಆದ ದಿನ ಗುಣಪಾಲರು ಗಲ್ಲಾ ಬಿಡುವುದೆಂದು ಮಾತಾಗಿತ್ತು. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅವರಿಗೆ ಏದುಸಿರು ಬರತೊಡಗಿತ್ತು. ಸುಜನ್‌ಗೆ ಅದೊಂದೇ ಧ್ಯಾನ: ಬೇಗ ಖಾಯಂ ಆಗಬೇಕು, ಅಪ್ಪನಿಗೆ ಆ ರೈಲಿನ ನೂಕುನುಗ್ಗಲು ತಪ್ಪಿಸಬೇಕು.

ಕೊನೆಗೆ ಖಾಯಂ ಮಾಡಿಕೊಳ್ಳುವ ಮುಂಚಿನ ಪರೀಕ್ಷೆಯ ದಿನ ಬಂತು. ಸೀನಿಯರ್ ವಸಂತಕುಮಾರ ಅವನನ್ನು ಒಂದು ಕಂಪನಿಯ ಆಫೀಸಿಗೆ ಕರೆದೊಯ್ದು, ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ, ಅಂದರೆ ಹಳೇ ಸ್ವಿಚ್ ತೆಗೆದು ಹೊಸದನ್ನು ಕೂರಿಸಲು ಹೇಳಿ ಕೈಕಟ್ಟಿ ನಿಂತ. “ನಾನು ಬಾಯಿ ಬಿಡಲ್ಲ. ಪೂರಾ ನೀನೇ ಮಾಡು. ಸಂಜೆ ರಿಪೋರ್ಟ್ ಕಳಿಸ್ತೀನಿ.”

ಇಡೀ ಆಫೀಸಿನ ಕಂಪ್ಯೂಟರುಗಳು ಬಂದ್ ಆಗಿದ್ದವು. ಬೆನ್ನ ಹಿಂದೆ ಜನ ಗೊಣಗುತ್ತಿದ್ದರು. ಸುಜನ್ ಮಂಡಿಯೂರಿ ಕೇಬಲ್ ಸಿಕ್ಕಿಸುತ್ತಿದ್ದಾಗ ಜೇಬಿನಲ್ಲಿ ಫೋನ್ ರಿಂಗಾಯಿತು. ಪಪ್ಪಾ. ಇವತ್ತು ಮಧ್ಯಾಹ್ನವೇ ರೈಲು ಹತ್ತಿದರೋ ಏನೋ ಎಂದುಕೊಂಡು ವಾಡಿಕೆಯಂತೆ ಕಟ್ ಮಾಡಿದ. ಮತ್ತೆ ರಿಂಗಾಯಿತು. ಕಟ್ ಮಾಡಿದ್ದು ಅವರಿಗೆ ತಿಳಿಯಲಿಲ್ಲವೇನೋ ಎಂದು ಮತ್ತೊಮ್ಮೆ ಕಟ್ ಮಾಡಿದ. ಮೂರನೆಯ ಸಲ ಕಟ್ ಮಾಡುವಾಗ ತುಸು ಸಿಡುಕಿದ ಕೂಡ. ಆಮೇಲೆ ಫೋನ್ ಸುಮ್ಮನಾಯಿತು. ಸ್ವಿಚ್ಚಿನ ಹಸಿರು ದೀಪಗಳು ಒಂದೊಂದಾಗಿ ಹೊತ್ತಿಕೊಂಡವು.

ವಸಂತಕುಮಾರ ಬೆನ್ನು ತಟ್ಟಿದ. “ಆಯ್ತು ಬಿಡು, ನೀನು ಪಾಸ್.”

ಸುದ್ದಿ ಹೇಳಲು ಸುಜನ್ ಅಪ್ಪನಿಗೆ ನಿಜವಾದ ಕಾಲ್ ಮಾಡಿದ, ಎತ್ತಲಿ ಎಂದೇ ಮಾಡಿದ ಕಾಲ್. ಎತ್ತಿದ್ದು ರೈಲ್ವೆ ಪೊಲೀಸ್.

“ಯೇ ಫೋನ್‌ವಾಲೇ ಆಪ್‌ಕೇ ಕೌನ್ ಹೈಂ?” ಈ ಫೋನಿನವರು ನಿಮಗೇನಾಗಬೇಕು ಎಂದು ಕೇಳಿದ.

ಎದೆನೋವೆಂದು ಹೋಟೆಲಿನಿಂದ ಬೇಗ ಹೊರಟಿದ್ದ ಗುಣಪಾಲರು ರೈಲಿನಲ್ಲಿ ನಿಲ್ಲಲಾರದೆ ನಡುದಾರಿಯ ಮುಂಬ್ರಾ ಸ್ಟೇಷನ್ನಿನಲ್ಲೇ ಇಳಿದಿದ್ದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟಿದ್ದರು. ಫೋನ್ ಕೈಯಲ್ಲೇ ಇತ್ತಂತೆ.

ಆಸ್ಪತ್ರೆಯ ವರಾಂಡದಲ್ಲಿ ಸುಜನ್ ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತ. “ಅಮ್ಮಾ, ಅವರು ಮಾಡ್ತಾನೇ ಇದ್ರು. ನಾನು ಪ್ರತಿಸಲ ಕಟ್ ಮಾಡಿದೆ.”

ಪುಷ್ಪಾವತಿ ಅವನ ತಲೆ ನೇವರಿಸಿದರು. “ಕಟ್ ಮಾಡಿದ್ದಿ ಅಲ್ವಾ ಮಗಾ? ಹಾಗಾದ್ರೆ ನೀನು ಇದ್ದಿ ಅಂತ ಅವರಿಗೆ ಗೊತ್ತಾಗಿದೆ.”

ಪಾಪ, ಸಮಾಧಾನಕ್ಕೆಂದೇ ಹೇಳಿದ್ದು. ಮುರಿದ ಮುಳ್ಳಿನ ಹಾಗೆ ಆ ಮಾತು ಅವನೊಳಗೆ ಉಳಿದುಬಿಟ್ಟಿತು.

ಕೆಲಸವೇನೋ ಖಾಯಂ ಆಯಿತು. ವರ್ಷಗಳು ಕಳೆದು ಸುಜನ್ ತಾನೇ ಸೀನಿಯರ್ ಆದ. ಆದರೆ ಅವನು ಯಾರ ಕರೆಯನ್ನೂ ಕಟ್ ಮಾಡುವುದಿಲ್ಲ. ಸಾಲ ಬೇಕೇ ಎಂದು ಕೇಳುವ ಅಪರಿಚಿತ ಹುಡುಗಿಯ ಮಾತನ್ನೂ ಕೊನೆಯವರೆಗೆ ಕೇಳುತ್ತಾನೆ. ಆಫೀಸಿನವರಿಗೆ ಅದೊಂದು ತಮಾಷೆ. ನಗುವವರಿಗೆ ಏನು ಗೊತ್ತು!

ಸಂಜೆ ಮಗ ಹೊರಟನೋ ಇಲ್ಲವೋ ಎಂದು ತಿಳಿಯಲು ಪುಷ್ಪಾವತಿ ಈಗಲೂ ಮಿಸ್ಡ್ ಕಾಲ್ ಕೊಡುತ್ತಾರೆ. ರಿಂಗಾಗುವಷ್ಟರಲ್ಲಿ ಸುಜನ್ ಎತ್ತಿಬಿಡುತ್ತಾನೆ.

“ಯಾಕೆ ಎತ್ತಿದ್ದು? ಕಟ್ ಮಾಡ್ಲಿಕ್ಕೆ ಆಗುದಿಲ್ವಾ?” ಎಂದು ಗದರುತ್ತಾರೆ ಅವರು.

“ಹೇಳಮ್ಮಾ.”

“ಹೇಳ್ಲಿಕ್ಕೆ ಎಂತದೂ ಇಲ್ಲ ಮಾರಾಯ.”

“ಆದ್ರೂ ಹೇಳು,” ಎನ್ನುತ್ತಾನೆ. ಅವರೇ ಇಡುವ ತನಕ ಫೋನನ್ನು ಕಿವಿಯಿಂದ ತೆಗೆಯುವುದಿಲ್ಲ.