ಬಚ್ಚಲ ನೀರಿನ ತೆಂಗು

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಕಡಬದ ಹತ್ತಿರದ ಗಂಡನ ಮನೆಯಲ್ಲಿ ನನ್ನದು ಅಂತ ಒಂದು ಮೊಳೆಯೂ ಇರಲಿಲ್ಲ. ನಾವಿದ್ದದ್ದು ತುಮಕೂರಲ್ಲಿ. ಹಬ್ಬಕ್ಕೆ ಹೋದರೆ ನಾನು ನೆಂಟಳು. ಗಂಡ ರಿಟೈರ್ ಆಗಿ, ಹಳೇ ಮನೆ ರಿಪೇರಿ ಮಾಡಿಸಿ ಅಲ್ಲೇ ಇರೋಣ ಅಂದಾಗ, "ಆಯ್ತು, ಬಚ್ಚಲು ಮಾತ್ರ ನಾನು ಹೇಳಿದ ಹಾಗೆ" ಅಂದುಬಿಟ್ಟೆ.

ಆ ಹಳೇ ಬಚ್ಚಲೋ, ಅಯ್ಯೋ ಶಿವನೇ! ಹೊಗೆ ಹಿಡಿದ ಗೋಡೆ, ಜಾರೋ ಕಲ್ಲುಚಪ್ಪಡಿ, ಗೋಡೆಯ ತೂತಿಂದ ಹಿತ್ತಲಿಗೆ ಹರಿಯೋ ನೀರು. ಎಲ್ಲ ಒಡೆಸಿದೆ. ತಿಳಿನೀಲಿ ಟೈಲ್ಸ್ ಹಾಕಿಸಿ, ಗೀಸರ್ ಕೂರಿಸಿ, ನೀರು ಪೈಪಲ್ಲಿ ಸೀದಾ ಗುಂಡಿಗೆ ಹೋಗೋ ಹಾಗೆ ಮಾಡಿಸಿದೆ.

"ಹಿತ್ತಲಿಗೇ ಬುಡಾಣ ಕಣಕ್ಕ, ಮರಕ್ಕಾಯ್ತದೆ" ಅಂದ ಮೇಸ್ತ್ರಿ.

"ಕೊಚ್ಚೆ ಮಾಡಿ ಸೊಳ್ಳೆ ಸಾಕ್ಲಾ? ಹೇಳಿದಷ್ಟು ಮಾಡಪ್ಪ" ಅಂತ ಅವನ ಬಾಯಿ ಮುಚ್ಚಿಸಿದೆ. ನನ್ನ ಬಾಯಿಯೇ ಅಂಥದ್ದು.

ಎಂಬತ್ತರ ಹತ್ತಿರದ ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿ, "ಚೆನ್ನಾಗೈತೆ" ಅಂದರು. ಅಷ್ಟೇ.

ಕೆಲವು ತಿಂಗಳಾದ ಮೇಲೆ ಹಿತ್ತಲ ತೆಂಗಿನಿಂದ ದಿನಾ ಹೀಚು ಉದುರೋಕೆ ಶುರುವಾಯಿತು. ಗೊಣಗುತ್ತಾ ಗುಡಿಸಿದೆ. ಅತ್ತೆ ಸ್ನಾನ ಮಾಡಿ ಬಂದೆ ಅಂದ ಮೇಲೂ ಬಚ್ಚಲ ನೆಲ ಒಣಗಿರುತ್ತಿತ್ತು. ವಯಸ್ಸಾಯ್ತು, ಸ್ನಾನ ತಪ್ಪಿಸ್ತಿದಾರೆ ಅಂತ ಗಂಡನ ಹತ್ತಿರ ಚಾಡಿಯನ್ನೂ ಹೇಳಿದೆ.

ಒಂದು ಬೆಳಿಗ್ಗೆ ಬೇಗ ಎದ್ದು ಹಿತ್ತಲಿಗೆ ಹೋದರೆ, ಮರದ ಬುಡದಲ್ಲಿ ನಾನು ಎಸೆಸಿದ್ದ ಅದೇ ಚಪ್ಪಡಿ! ಅದರ ಮೇಲೆ ಸೀರೆ ಸುತ್ತಿಕೊಂಡು ಕೂತು ಅತ್ತೆ ನೀರು ಹುಯ್ದುಕೊಳ್ಳುತ್ತಿದ್ದಾರೆ. ಚಪ್ಪಡಿ ಹಾಕಿಕೊಟ್ಟವನು ಮೇಸ್ತ್ರಿಯಂತೆ, ಕಳ್ಳ.

"ಏನತ್ತೆ ಇದು, ಈ ಚಳೀಲಿ! ಸೊಸೆ ಬಚ್ಚಲಿಗೂ ಸೇರಿಸಲ್ಲ ಅಂತ ಊರು ಅನ್ನಲ್ವಾ?"

"ನಿನ್ ಬಚ್ಚಲು ಚೆನ್ನಾಗೈತೆ ಕಣವ್ವ. ಅಲ್ಲಿ ಹುಯ್ಕಂಡ್ರೆ ಇವಳಿಗೇನು ಕುಡಿಸ್ಲಿ?" ಅಂತ ಮರ ಸವರಿದರು. "ಮದುವೆಯಾಗಿ ಹಾಗಲವಾಡಿಯಿಂದ ಗಾಡೀಲಿ ಬರೋವಾಗ ನಮ್ಮವ್ವ ಕೊಟ್ಟ ಸಸಿ. ತೊಡೆ ಮೇಲಿಟ್ಕಂಡು ತಂದೆ. ಈ ಮನೇಲಿ ನಂದು ಅಂತ ಇರೋದು ಇದೊಂದೇ."

"ಮೊದಲೇ ಹೇಳಬಾರದಿತ್ತಾ?"

"ನೀನು ಅಷ್ಟು ಖುಷಿಯಾಗಿ ಕಟ್ಟಿಸ್ತಿದ್ದೆ. ನಿಂದೂ ಅಂತ ಒಂದು ಇರ್ಲಿ ಅಂತ ಸುಮ್ಕಾದೆ."

ನನಗೆ ಅಳು ಬಂತು. ಅವರಿಗೆ ಟವೆಲ್ ಹೊದಿಸಿ ಒಳಗೆ ಕರಕೊಂಡು ಹೋಗಿ, ಮೇಸ್ತ್ರಿಗೆ ಫೋನ್ ಮಾಡಿದೆ. "ಹಾರೆ ತಂದೆ ಕಣಕ್ಕ" ಅಂತ ನಗುತ್ತಲೇ ಬಂದ. ಪೈಪು ಹಿತ್ತಲ ಕಡೆ ತಿರುಗಿತು. ನನ್ನ ನೀಲಿ ಟೈಲ್ಸಲ್ಲಿ ಎರಡು ಹೋಗಿ ಬಿಳೀವು ಬಂದವು. ಹೋಗಲಿ ಬಿಡಿ.

ಹೀಚು ಉದುರೋದು ಈಗ ನಿಂತಿದೆ. ಅತ್ತೆ ಬಿಸಿನೀರಲ್ಲಿ ಅರ್ಧ ಗಂಟೆ ಸ್ನಾನ ಮಾಡುತ್ತಾರೆ. ನಾನು ಒಳಗಿದ್ದರೆ, "ಶಾಂಪೂ ಕಮ್ಮಿ ಹಾಕವ್ವ, ಅವಳಿಗಾಗಲ್ಲ" ಅಂತ ಹೊರಗಿಂದ ಕೂಗುತ್ತಾರೆ.

ಹೋದ ತಿಂಗಳು ಕುಣಿಗಲ್ಲಿಗೆ, ನನ್ನ ತವರಿಗೆ, ಹೊರಟಿದ್ದೆ. ಅತ್ತೆ ಬಾಗಿಲವರೆಗೂ ಬಂದು, "ಬರಿಗೈಲಿ ಬರಬ್ಯಾಡ. ನಿಮ್ಮವ್ವನ ಹಿತ್ತಲಿಂದ ಒಂದು ಸಸಿ ತಾ. ಬಚ್ಚಲ ಆ ಕಡೆ ಗುಂಡಿ ತೆಗೆಸಿಟ್ಟಿದೀನಿ. ನೀರು ಇಬ್ರಿಗೂ ಆಯ್ತದೆ" ಅಂದರು.

ಬರುವಾಗ ಬಸ್ಸಲ್ಲಿ ಕಂಡಕ್ಟರ್, "ಗಿಡ ಕೆಳಗಿಡಿ ಅಮ್ಮ" ಅಂತ ಮೂರು ಸಲ ಹೇಳಿದ. ಮನೆ ಬರೋವರೆಗೂ ತೊಡೆ ಮೇಲಿಂದ ಇಳಿಸಲಿಲ್ಲ.