ಬರ್ತೀನಿ ಅಂದವರು ಯಾರು?

ನಿನ್ನೆ ಸಂಜೆ ಕಲ್ಯಾಣದ ಒಂದು ಮನೆಯ ಹೊಸ್ತಿಲಾಚೆ ಚಪ್ಪಲಿ ಮೆಟ್ಟುತ್ತ "ಹೋಗ್ತೀನಿ" ಎಂದೆ. ಒಗ್ಗರಣೆಯ ಘಾಟಿನ ಜೊತೆಗೇ ಸುಮಂಗಲೆಯ ಗದರಿಕೆ ಬಂತು: "ಹಂಗನ್ನಬಾರದ್ರೀ. ಬರ್ತೀನಿ ಅನ್ರಿ."

ಹೋಗುವವನು ಬರುತ್ತೇನೆ ಎನ್ನುವುದು ಶುದ್ಧ ಸುಳ್ಳು ಎಂದು ನಾನು ವಾದಿಸಬಲ್ಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಹುರುಳಿಲ್ಲದ ವಿಷಯಕ್ಕೆ ಕಪ್ಪು ಗೆದ್ದವನು. ಆದರೆ ನಿಮ್ಮಲ್ಲಿ ಮುಚ್ಚುಮರೆ ಏಕೆ? ಆ ಮಾತಿನ ಮೇಲಿನ ನನ್ನ ಸಿಟ್ಟಿಗೆ ತರ್ಕ ಕಾರಣವಲ್ಲ. ಕಾರಣ, ಒಳಗೆ ಲುಂಗಿಯುಟ್ಟು ಕೂತಿದ್ದ ಅವಳ ಗಂಡ ಗೋಪಾಲ.

ಕೆಲವು ವರ್ಷಗಳ ಹಿಂದೆ ನಾನೂ ಅವನೂ ಠಾಣೆ ಎಂಬ ಊರಿನ ಒಂದು ಬಣ್ಣದ ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿದ್ದೆವು. ಉಡುಪಿ ಕಡೆಯವನು, ಮನೆಯವರದು ಡೊಂಬಿವಲಿಯಲ್ಲಿ ಹೋಟೆಲು. ಲೋಕಲ್ ಗಾಡಿಯ ಮೂವರ ಬೆಂಚಿನಲ್ಲಿ ಜನ ತಾವಾಗಿ ಸರಿದು ಅವನಿಗೆ ನಾಲ್ಕನೇ ಸೀಟು ಕೊಡುತ್ತಿದ್ದರು. ನನಗೆ ಕೊಟ್ಟವರನ್ನು ಕಾಣೆ.

ಕಲ್ಯಾಣದ ಗೋದಾಮಿನ ಫೈಲು ದಿನವೂ ಸಂಜೆ ಟೆಲಿಫೋನ್ ತಂತಿಯ ಮೇಲೆ ನಮ್ಮ ಕಂಪ್ಯೂಟರಿಗೆ ಬರಬೇಕು. ಎರಡೂ ಕಡೆ ಒಂದೊಂದು ಮೋಡೆಮ್ ಪೆಟ್ಟಿಗೆ. ಮೊದಲು ಮನುಷ್ಯರು ಫೋನಿನಲ್ಲಿ ಮಾತಾಡಿಕೊಂಡು, ಆಮೇಲೆ ಒಬ್ಬರು ‘ಕಾಲ್’ ಗುಂಡಿ, ಇನ್ನೊಬ್ಬರು ‘ಆನ್ಸರ್’ ಗುಂಡಿ ಒತ್ತಬೇಕು. ಅಲ್ಲಿನ ಹಳೆಯ ಗುಮಾಸ್ತ "ಕಾಲಿಂಗ್!" ಎಂದು ಕೂಗಿ ತಾನೇ ಕಾಲ್ ಒತ್ತುತ್ತಿದ್ದ. ಅವನ ಜಾಗಕ್ಕೆ ಸುಮಂಗಲೆ ಬಂದಳು. ಫೋನಿನಲ್ಲಿ ಧಾರವಾಡದ ಕನ್ನಡ ಕೇಳಿದ್ದೇ ನಾನು ಕಂಪನಿಯ ಇಂಗ್ಲಿಷನ್ನು ಕೈಬಿಟ್ಟೆ. ‘ಬರ್ತೀನಿ’ ಎಂದವರು ಕಾಲ್ ಒತ್ತುವುದೆಂದು ನಮ್ಮೊಳಗೆ ಒಪ್ಪಂದವಾಯಿತು.

ಅಂದಿನಿಂದ ನಮ್ಮ ಕಂಪ್ಯೂಟರು ಕಲ್ಯಾಣವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಪೆಟ್ಟಿಗೆಗಳು ಕಿರುಚುತ್ತಿದ್ದವು, ಅಷ್ಟೆ. ತಂತಿ ಬದಲಿಸಿದೆ. ಎಕ್ಸ್‌ಚೇಂಜಿನವರ ಜೊತೆ ಜಗಳವಾಡಿ ಗೆದ್ದೆ. ಗೆದ್ದರೂ ಫೈಲು ಬರಲಿಲ್ಲ. "ಶನಿವಾರ್ ತಕ್ ನಹೀ ಹುವಾ ತೋ ಶಾಮ್ ಕಾ ಕಾಮ್ ಗೋಪಾಲ್ ಕರೇಗಾ" ಎಂದರು ಮ್ಯಾನೇಜರು; ಶನಿವಾರದೊಳಗೆ ಆಗದಿದ್ದರೆ ಸಂಜೆಯ ಕೆಲಸ ಗೋಪಾಲನದು. ಫೈಲು ಹಾಳಾಗಲಿ, ಸಂಜೆಯ ಆ ದನಿಯನ್ನು ಗೋಪಾಲನಿಗೆ ಬಿಟ್ಟುಕೊಡುವುದೆ?

ಶುಕ್ರವಾರ ಸುಮಂಗಲೆ ಕೇಳಿದಳು: "ಇವತ್ತರ ಆಗ್ತದೇನ್ರೀ?"

"ಆಗಲೇಬೇಕು."

"ಹಂಗಾರ ಬರ್ತೀನ್ರಿ."

"ಹೂಂ, ಬರ್ತೀನಿ."

ಗುಂಡಿ ಒತ್ತಿದೆ. ಮತ್ತೆ ಕಿರುಚಾಟ. ಪಕ್ಕದಲ್ಲಿ ಗೋಪಾಲ ಚಹಾದ ಗ್ಲಾಸು ಕೆಳಗಿಟ್ಟ.

"ನೀನು ಯಾವುದು ಒತ್ತಿದ್ದು ಮಾರಾಯಾ?"

"ಆನ್ಸರ್. ಅವಳು ಬರ್ತೀನಿ ಅಂದಳಲ್ಲ."

"ನೀನೂ ಹೇಳಿದಿಯಲ್ಲ! ಆಕೆಯೂ ಅಲ್ಲಿ ಆನ್ಸರ್ ಒತ್ತಿ ಕೂತಿರ್ತಾಳೆ. ಕೇಳುವವ ಒಬ್ಬನೂ ಇಲ್ಲ, ಇಬ್ಬರದ್ದೂ ಉತ್ತರವೇ!"

ನಮ್ಮ ನಮ್ಮ ‘ಬರ್ತೀನಿ’ ನಮಗೆ ಬರೀ ಬೀಳ್ಕೊಳ್ಳುವ ಮಾತು. ಎದುರಿನವರದ್ದು ಮಾತ್ರ ಒಪ್ಪಂದ.

ಅವನೇ ಫೋನ್ ತಿರುಗಿಸಿದ. "ಮೇಡಂ, ನೀವು ಬರುವುದೂ ಬೇಡ, ಹೋಗುವುದೂ ಬೇಡ. ಆನ್ಸರ್ ಒತ್ತಿ ಸುಮ್ಮನೆ ಕೂತುಕೊಳ್ಳಿ. ನಾನೇ ಬರ್ತೇನೆ."

ಅವಳು ನಕ್ಕಳು. ನನ್ನ ಯಾವ ಮಾತಿಗೂ ಹಾಗೆ ನಕ್ಕಿರಲಿಲ್ಲ. "ಬರ್ರಿ ಮತ್ತ!"

ಫೈಲು ಬಂತು. ಗೋಪಾಲನೂ ಹೋಗುತ್ತಲೇ ಇದ್ದ: ಮೊದಲು ಫೋನಿನಲ್ಲಿ, ಆಮೇಲೆ ಭಾನುವಾರಗಳಂದು ಕಲ್ಯಾಣಕ್ಕೆ, ಕೊನೆಗೆ ಬಾಸಿಂಗ ಕಟ್ಟಿಕೊಂಡು. ಇನ್ನೊಂದು ದಿನ ಸಿಕ್ಕಿದ್ದರೆ ನಾನೇ ಕಂಡುಹಿಡಿಯುತ್ತಿದ್ದೆ ಎಂಬ ನನ್ನ ವಾದವನ್ನು ಇಂದಿಗೂ ಯಾರೂ ಖಂಡಿಸಿಲ್ಲ. ಕೇಳಿಸಿಕೊಂಡವರೂ ಇಲ್ಲ.

ನಿನ್ನೆ ಒಳಗಿನಿಂದ ಅವನೂ ಕೂಗಿದ: "ಬರ್ತೇನೆ ಅಂತ ಹೇಳು ಮಾರಾಯಾ. ನಾವಿಬ್ಬರೂ ಆನ್ಸರ್ ಒತ್ತಿ ಕೂತಿರ್ತೇವೆ!"

"ಬರ್ತೀನಿ" ಎಂದೆ. ಬೆನ್ನ ಹಿಂದೆ ಇಬ್ಬರೂ ಒಟ್ಟಿಗೆ ನಕ್ಕರು. ಹೊಟ್ಟೆ ಉರಿಯಿತು, ಉರಿಯದೆ ಏನು? ಆದರೂ ಸ್ಟೇಷನ್ ಮುಟ್ಟುವಷ್ಟರಲ್ಲಿ, ಮುಂದಿನ ಭಾನುವಾರ ಯಾವ ಗಾಡಿ ಹಿಡಿದರೆ ಊಟದ ಹೊತ್ತಿಗೆ ಸರಿಯಾಗಿ ತಲುಪಬಹುದೆಂದು ಯೋಚಿಸುತ್ತಿದ್ದೆ.