ಎಲ್ಲಿಗೆ ಎಂದು ಕೇಳದ ಯಂತ್ರ

ನನ್ನ ಎಡಗಣ್ಣು ಕೈಕೊಟ್ಟ ವರ್ಷವೇ ನನ್ನ ಹೆಂಡತಿ ಕಾರು ಕಲಿತಳು. ಕಣ್ಣು ಕೈಕೊಟ್ಟದ್ದೇಕೆಂದು ಡಾಕ್ಟರು ವಿವರವಾಗಿ ಹೇಳಿದರು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳಿಗೆ ಆ ಧೈರ್ಯ ಎಲ್ಲಿಂದ ಬಂತೆಂದು ಹೇಳಲು ಯಾವ ಡಾಕ್ಟರಿಗೂ ಆಗಲಿಲ್ಲ. ಕುವೆಂಪುನಗರದ ಡ್ರೈವಿಂಗ್ ಸ್ಕೂಲೊಂದರಲ್ಲಿ ಕಾಲೇಜು ಹುಡುಗಿಯರ ಜೊತೆ ಸರದಿಯಲ್ಲಿ ನಿಂತು ಕಲಿತು, ಮೊದಲ ಸಲಕ್ಕೇ ಲೈಸೆನ್ಸ್ ತಂದಳು. ನಾನು ನನ್ನ ಕಾಲದಲ್ಲಿ ಮೂರನೆಯ ಸಲಕ್ಕೆ ಪಾಸಾದವನು. ಈ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಿ ಆಡುವುದಿಲ್ಲ, ಅವಳೊಬ್ಬಳನ್ನು ಬಿಟ್ಟು.

ಸ್ಟೀರಿಂಗು ಅವಳ ಕೈಗೆ ಹೋದರೂ ದಾರಿ ನನ್ನ ಬಾಯಲ್ಲೇ ಉಳಿಯಿತು. ಮೂವತ್ತೆರಡು ವರ್ಷ ಸಿಟಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು ನಾನು. ಎದುರಿಗೆ ಬಂದವರನ್ನೆಲ್ಲ “ಎಲ್ಲಿಗೆ?” ಎಂದು ಕೇಳುವುದು, ಅವರು ಊರಿನ ಹೆಸರು ಪೂರ್ತಿ ಮಾಡುವ ಮೊದಲೇ ಬಸ್ಸಿನ ನಂಬರು ಹೇಳುವುದು, ಇದೇ ನನ್ನ ವಿದ್ಯೆ. ಮೈಸೂರಿನ ರಸ್ತೆಗಳ ವಿಷಯದಲ್ಲಿ ನನ್ನದೇ ಕೊನೆಯ ಮಾತು ಎಂದು ನಾನು ನಂಬಿದ್ದೆ. ಹೆಂಡತಿಯ ತಕರಾರು ಒಂದೇ: ನನ್ನ ಗುರುತುಗಳು ಭೂಮಿಯ ಮೇಲೆ ಇರುತ್ತಿರಲಿಲ್ಲ.

“ಟೆಂಟ್ ಸಿನಿಮಾ ಹತ್ರ ಎಡಕ್ಕೆ ತಗೋ,” ಎನ್ನುತ್ತಿದ್ದೆ, ರಿಂಗ್ ರಸ್ತೆಯ ಕಡೆಗೆ ಹೊರಟಾಗ.

“ಟೆಂಟ್ ಎಲ್ರೀ ಇದೆ ಇಲ್ಲಿ?”

“ಇತ್ತು ಕಣೇ.”

“ಇಲ್ಲದ ಟೆಂಟ್ ಹತ್ರ ಎಂಗೆ ತಿರುಗಿಸ್ಲಿ? ಹಿಂದೆ ಲಾರಿಯೋನು ಹಾರ್ನ್ ಹೊಡೀತಾವ್ನೆ, ಅವನಿಗೂ ಹೇಳಿ ನಿಮ್ಮ ಟೆಂಟ್ ವಿಚಾರ.”

ಇಷ್ಟರಲ್ಲಿ ಅವಳ ಅಕ್ಕನಿಗೆ ಮಂಡಿಯ ಆಪರೇಷನ್ ಆಯಿತು. ಅಕ್ಕ ಇರುವುದು ರಿಂಗ್ ರಸ್ತೆಯ ಆಚೆ, ಮಂಡಕಳ್ಳಿಯ ಕಡೆಗೆ ಎದ್ದಿರುವ ಹೊಸ ಬಡಾವಣೆಯಲ್ಲಿ. ಒಂದು ಅಡ್ಡರಸ್ತೆಗೂ ಇನ್ನೊಂದಕ್ಕೂ ಅವಳಿಜವಳಿಯ ಹೋಲಿಕೆ. ಆರು ವಾರ ದಿನಾ ಬೆಳಿಗ್ಗೆ ಹೋಗಿ ಅಕ್ಕನನ್ನು ನಡೆಸಿ, ಅಡುಗೆ ಮಾಡಿಟ್ಟು ಬರುತ್ತೇನೆಂದು ಇವಳು ಮಾತು ಕೊಟ್ಟಳು. ವಾಪಸ್ ಖಾಲಿ ಬರಬೇಕೆಂದು ಆಟೋದವರು ಮುಖ ತಿರುಗಿಸುತ್ತಿದ್ದರು. ನಾನು ಜೊತೆಗೆ ಕೂರುವಂತಿರಲಿಲ್ಲ. ಎಂಬತ್ತಾರರ ನನ್ನ ಅಮ್ಮನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿಲ್ಲ. ಒಟ್ಟಿನಲ್ಲಿ ಇವಳು ಒಬ್ಬಳೇ ಹೋಗಬೇಕು, ದಾರಿ ತಪ್ಪದೆ ಹೋಗಬೇಕು, ಇಲ್ಲವಾದರೆ ಅಕ್ಕನಿಗೆ ಕೊಟ್ಟ ಮಾತು ಸುಳ್ಳಾಗುತ್ತದೆ.

ಫೋನಿನಲ್ಲಿ ಮ್ಯಾಪು ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಎಡಕ್ಕೆ ತಿರುಗಬೇಕಾದ ಜಾಗದಲ್ಲೇ ಮ್ಯಾಪು ಮಾಯವಾಗಿ ನಾದಿನಿಯ ಮುಖ ಬರುತ್ತಿತ್ತು. ನಾದಿನಿ ಫೋನು ಇಟ್ಟರೆ ಸೊಸೆಯದು. ಬರುವ ಫೋನನ್ನು ತಡೆದಿಡಬಹುದೆಂದು ತೋರಿಸಿಕೊಟ್ಟೆ. “ಅಕ್ಕನೇ ಮಾಡಿದ್ರೆ?” ಎಂದಳು. ಆದ್ದರಿಂದ ಕಾರಿನ ಗಾಜಿಗೆ ಅಂಟಿಸುವ, ದಾರಿ ಹೇಳುವುದು ಬಿಟ್ಟು ಬೇರೆ ನೆಂಟಸ್ತನವಿಲ್ಲದ ಜಿಪಿಎಸ್ ಡಬ್ಬಿಯೊಂದನ್ನು ಕೊಳ್ಳುವುದೆಂದು ಮನೆಯ ಮಹಾಸಭೆ ತೀರ್ಮಾನಿಸಿತು.

ಕಾರಿನ ಸಾಮಾನು ಮಾರುವ ಅಂಗಡಿಯವರು ನನ್ನನ್ನು ಬಸ್ ನಿಲ್ದಾಣದ ಕಾಲದಿಂದ ಬಲ್ಲವರು. “ಈಗ ಇದನ್ನ ಯಾರು ಸಾರ್ ಕೇಳ್ತಾರೆ?” ಎನ್ನುತ್ತಲೇ ಅಟ್ಟದಿಂದ ಮೂರು ಡಬ್ಬಿ ಇಳಿಸಿ ಧೂಳು ಹೊಡೆದರು. ನಾನು ಹೆಣ್ಣು ನೋಡಲು ಹೋದ ಹಿರಿಯನ ಗಾಂಭೀರ್ಯದಿಂದ ಮೂರನ್ನೂ ಪರೀಕ್ಷಿಸಿ, ಎಲ್ಲಕ್ಕಿಂತ ದೊಡ್ಡ ಪರದೆಯದನ್ನು ಆರಿಸಿದೆ. ಹೆಂಡತಿ ಚಿಕ್ಕದರ ಕಡೆ ನೋಡುತ್ತಿದ್ದಳು. “ದೊಡ್ಡದಿದ್ರೆ ಚೆನ್ನಾಗಿ ಕಾಣುತ್ತೆ,” ಎಂದೆ. “ನಾನೇನು ಅದ್ರಲ್ಲಿ ಸಿನಿಮಾ ನೋಡಬೇಕಾ?” ಎಂದಳು. ಅಂಗಡಿಯವರು ಎರಡು ದಿನ ಇಟ್ಟುಕೊಂಡು ನೋಡಿ, ಹಿಡಿಸದಿದ್ದರೆ ಬದಲಾಯಿಸಿಕೊಡುತ್ತೇನೆ ಎಂದರು. ನನ್ನ ಆಯ್ಕೆ ಗೆದ್ದಿತು.

ಮಾರನೆಯ ಬೆಳಿಗ್ಗೆ ಗೇಟಿನ ಮುಂದೆ ಕಾರು ಸಿದ್ಧವಾಯಿತು. ಅಮ್ಮ ಬಾಗಿಲಿಗೆ ಬಂದು ಕುರ್ಚಿ ಹಾಕಿಸಿಕೊಂಡು ಕೂತಳು. ಹೆಂಡತಿ ಕಾರು ಚಾಲೂ ಮಾಡಿದಳು, ಡಬ್ಬಿ ಬೆಳಗಿತು. ಅಂಗೈ ಅಗಲದ ಇಂಗ್ಲಿಷ್ ಅಕ್ಷರಗಳು ಮೂಡಿದವು.

“ಏನೋ ಅದು ಬರೆದಿರೋದು?” ಎಂದಳು ಅಮ್ಮ.

ನಾನು ಆ ಕ್ಷಣದಲ್ಲಿ ಸುಳ್ಳು ಹೇಳಬಹುದಿತ್ತು. “ಎಲ್ಲಿಗೆ ಅಂತ ಕೇಳ್ತಿದೆ ಅಮ್ಮ,” ಎಂದೆ.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಲೇಬೇಕೆಂದರೆ “ದೂರ ಹೊರಟ್ರಾ?” ಎನ್ನಬೇಕು. ಇದು ನಮ್ಮ ಮನೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ. ಯಾರಾದರೂ ಕೇಳಿಬಿಟ್ಟರೆ ಹೊರಟ ಕೆಲಸ ಕೆಡುತ್ತದೆ. ಒಳಗೆ ಬಂದು, ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಹೊರಡಬೇಕು.

“ಇಳಿಯಮ್ಮ ಕೆಳಗೆ,” ಎಂದಳು ಅಮ್ಮ. “ಮಂಡಿ ಮುರಿಸ್ಕೊಂಡೋಳ ಮನೆಗೆ ಹೋಗ್ತಿದ್ದೀಯ. ಒಳಗೆ ಬಂದು ನೀರು ಕುಡಿ.”

ಹೆಂಡತಿ ಕಾರು ಆರಿಸಿ ಬಂದಳು. ಕೂತಳು, ಕುಡಿದಳು, ಹೋದಳು. ಕಾರು ಆರಿಸಿದರೆ ಡಬ್ಬಿಯೂ ಆರುತ್ತದೆ. ಚಾಲೂ ಮಾಡಿದರೆ ಮತ್ತೆ ಮೊದಲಿನಿಂದ ಕೇಳುತ್ತದೆ. ಕೇಳಿತು. ಅವಳು ಮತ್ತೆ ಬಂದಳು, ಮತ್ತೆ ಕುಡಿದಳು. ಮೂರನೆಯ ಲೋಟ ಮುಗಿಯುವ ಹೊತ್ತಿಗೆ ಹತ್ತೂವರೆ. “ಇನ್ನು ಹೋದ್ರೆ ದಾರೀಲಿ ನಿಲ್ಲಿಸಬೇಕಾಗುತ್ತೆ, ಅಷ್ಟು ನೀರು ಕುಡಿಸಿದ್ದೀರ,” ಎಂದು ಒಳಗೆ ಹೋದಳು. ಆ ದಿನ ಅವಳ ಅಕ್ಕ ಪಕ್ಕದ ಮನೆಯವರು ಕೊಟ್ಟ ಉಪ್ಪಿಟ್ಟು ತಿಂದರು. ಹೆಂಡತಿ ಕೋಪಿಸಿಕೊಂಡಿದ್ದರೆ ನನಗೆ ಸುಲಭವಿತ್ತು, ಸಂಜೆಯವರೆಗೂ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮಾರನೆಯ ದಿನ ಅಂಗಡಿಗೆ ಅವಳೇ ಕಾರು ಓಡಿಸಿಕೊಂಡು ಬಂದಳು. ಅಮ್ಮನ ಜೊತೆ ಪಕ್ಕದ ಮನೆಯವರನ್ನು ಕೂರಿಸಿ ಬಂದಿದ್ದೆವು.

“ಏನು ತೊಂದರೆ ಮೇಡಂ?”

“ಎಲ್ಲಿಗೆ ಅಂತ ಕೇಳುತ್ತೆ.”

ಅಂಗಡಿಯವರು ನಗಲಿಲ್ಲ. “ಅಯ್ಯೋ, ಹೌದಲ್ವಾ?” ಎಂದು ಹಣೆ ಮುಟ್ಟಿಕೊಂಡರು. ತಾವು ಇಷ್ಟು ವರ್ಷ ಅಂಥ ವಸ್ತುವನ್ನು ಊರಿಗೆ ಹಂಚಿದ್ದೇವೆಂಬ ಚಿಂತೆ ಅವರ ಮುಖದಲ್ಲಿ ಕಂಡಿತು. ಎರಡನೆಯ ಡಬ್ಬಿ, ಹೋಗಬೇಕಾದ ಸ್ಥಳ ನಮೂದಿಸಿ ಎಂದಿತು. ಅಮ್ಮನಿಗೆ ಫೋನು ಮಾಡಿ ಅಭಿಪ್ರಾಯ ಕೇಳಿದೆವು. “ಎಂಗೆ ಸುತ್ತಿಸಿ ಕೇಳಿದ್ರೂ ಅದೇ ತಾನೇ ಕಣೋ?” ಎಂದು ತೀರ್ಪಾಯಿತು. ಮೂರನೆಯದು, ಹೆಂಡತಿ ಮೊದಲ ದಿನವೇ ಕಣ್ಣಿಟ್ಟಿದ್ದ ಚಿಕ್ಕದು, ಬೆಳಗಿದ್ದೇ ಏನೂ ಕೇಳದೆ ಮ್ಯಾಪು ತೋರಿಸಿ ಕೂತಿತು.

ಅವಳು ಅಷ್ಟಕ್ಕೇ ಬಿಡಲಿಲ್ಲ. ಅದನ್ನು ಗಾಜಿಗೆ ಅಂಟಿಸಿ, ಯಾದವಗಿರಿಗೆ ದಾರಿ ಹಾಕಿ, ನನ್ನನ್ನೂ ಅಂಗಡಿಯವರನ್ನೂ ಹಿಂದೆ ಕೂರಿಸಿಕೊಂಡು ಹೊರಟು, ಬೇಕೆಂದೇ ತಪ್ಪು ತಿರುವು ತೆಗೆದುಕೊಂಡಳು. ಡಬ್ಬಿ ಶಾಂತವಾಗಿ ಬೇರೆ ದಾರಿ ಹೇಳಿತು. ಇನ್ನೊಂದು ತಪ್ಪು ತಿರುವು. ಅದೇ ಶಾಂತಿ.

“ತಪ್ಪಿದ್ರೆ ಬೈಯಲ್ಲ,” ಎಂದಳು, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ. “ಇದೇ ಇರ್ಲಿ.”

ಅಂಗಡಿಯವರು ಕೆಮ್ಮಿ ಕಿಟಕಿಯ ಕಡೆ ತಿರುಗಿದರು.

ಮೂರನೆಯ ಬೆಳಿಗ್ಗೆ ಮತ್ತೆ ಗೇಟು, ಮತ್ತೆ ಕಾರು, ಮತ್ತೆ ಬಾಗಿಲಲ್ಲಿ ಅಮ್ಮ. ಡಬ್ಬಿ ಬೆಳಗಿ ಸುಮ್ಮನಾಯಿತು. ಅಮ್ಮ ಎರಡು ನಿಮಿಷ ಕಿವಿಗೊಟ್ಟು ಕೇಳಿ, ತಲೆದೂಗಿದಳು. ಗೇರು ಬಿತ್ತು. ಆಗ ಮೂವತ್ತೆರಡು ವರ್ಷದ ಸರ್ವೀಸು ನನ್ನ ಗಂಟಲಿಗೆ ಬಂತು. ಕಾರು ಜರುಗುತ್ತಿದ್ದ ಹಾಗೆ, ಅವಳು ಅಕ್ಕನ ಮನೆಯ ವಿಳಾಸ ಸರಿಯಾಗಿ ಹಾಕಿದ್ದಾಳೋ ಇಲ್ಲವೋ ಎಂದು ಕಿಟಕಿಗೆ ಬಗ್ಗಿ, ನಿಲ್ದಾಣದ ಧ್ವನಿಯಲ್ಲೇ ಕೇಳಿದೆ:

“ಎಲ್ಲಿಗೆ?”

ಬೀದಿಯೇ ನಿಂತಂತಾಯಿತು. ಅಮ್ಮ ಕುರ್ಚಿಯಿಂದ ಅರ್ಧ ಎದ್ದಳು. ನಾನು ಕಿಟಕಿಯ ಮೇಲಿನ ಕೈ ತೆಗೆಯುವುದನ್ನೂ ಮರೆತೆ.

ಹೆಂಡತಿ ಕಾರು ಆರಿಸಲಿಲ್ಲ. “ಅತ್ತೆ,” ಎಂದಳು ಹೊರಗೆ ಕತ್ತು ಹಾಕಿ, “ಕೇಳಿದ್ದು ಇವರು. ನೀರೂ ಇವರೇ ಕುಡೀಲಿ. ನಾನು ಬರ್ತೀನಿ.”

ಹೋದಳು. ತಿರುವಿನಲ್ಲಿ ಸಿಗ್ನಲ್ ದೀಪ ಹಾಕಿ, ನಿಂತು, ನೋಡಿ, ನನ್ನ ಇಡೀ ಜೀವಮಾನದಲ್ಲಿ ನಾನು ತಿರುಗಿಸದಷ್ಟು ಅಚ್ಚುಕಟ್ಟಾಗಿ ತಿರುಗಿಸಿದಳು.

ಅಮ್ಮ ಯೋಚಿಸಿದಳು. ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿಯಿದ್ದಂತೆ ಅವಳಿಗೆ ತೋರಲಿಲ್ಲ. “ಬಾರೋ ಒಳಗೆ,” ಎಂದಳು. “ಕೂತ್ಕೋ. ಕುಡಿ.” ಕೂತೆ. ದೊಡ್ಡ ಲೋಟದಲ್ಲಿ, ಒಂದು ತೊಟ್ಟೂ ಬಿಡದೆ, ಅವಳ ಕಣ್ಣೆದುರಿಗೆ ಕುಡಿದೆ. ಮುಕ್ಕಾಲು ಗಂಟೆ ಇಬ್ಬರೂ ಫೋನನ್ನೇ ನೋಡುತ್ತಾ ಕೂತೆವು. ಕೊನೆಗೆ ಅವಳ ಫೋನು ಬಂತು.

“ಬಂದ್ಬುಟ್ಟೆ ಕಣ್ರೀ,” ಎಂದಳು. ಹಿಂದೆ ಅವಳಕ್ಕ ಏನೋ ಕೇಳುತ್ತಿದ್ದರು, ಪಾತ್ರೆಯ ಸದ್ದು ಕೇಳುತ್ತಿತ್ತು. “ಡಬ್ಬಿ ಹೇಳಿದ ರಸ್ತೆ ಪೈಪಿಗೆ ಅಂತ ಅಗೆದು ಹಾಕವ್ರೆ. ಅದು ಅಲ್ಲೇ ಹೋಗು ಅನ್ನುತ್ತೆ. ನಾನೇ ಬೇರೆ ಕಡೆಯಿಂದ ಬಂದೆ.”

“ಯಾವ ಕಡೆಯಿಂದ?”

“ಎಡಕ್ಕೆ ತಗೊಂಡೆ,” ಎಂದಳು. “ನಿಮ್ಮ ಇಲ್ಲದ ಟೆಂಟ್ ಹತ್ರ.”

ಅಮ್ಮ ಏನಂತೆ ಎಂದು ಕೇಳಿದಳು. ತಲುಪಿದಳಂತೆ ಎಂದೆ. ಇಷ್ಟು ಹೇಳಲು ನಾನು ಎದ್ದು ನಿಂತೆನೆಂದು ಅಮ್ಮ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಇರಬಹುದು.